ಪಾಪಮ್ಮ ಹೋದದ್ದು ಹೋಟೆಲಿಗೆ

ಪಾಪಮ್ಮ ಹಟ ಹಿಡಿದರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾರ. ಹತ್ತೊಂಬತ್ತು ವರ್ಷದ ಹಿಂದೆ ಅವಳ ಅಣ್ಣ ಮುನಿರಾಮಯ್ಯ ಬಸವೇಶ್ವರನಗರದಲ್ಲಿ ಮನೆ ಕಟ್ಟಿ ಗೃಹಪ್ರವೇಶ ಮಾಡಿದ. ಆವತ್ತು ಮನೆಯ ಅಳಿಯನಾದ ತನ್ನ ಗಂಡನನ್ನು ಮೊದಲನೇ ಪಂಕ್ತಿಯಲ್ಲಿ ಕೂರಿಸದೆ ಎರಡನೇ ಪಂಕ್ತಿಗೆ ತಳ್ಳಿದರೆಂದು ಅವಳು ಊಟ ಮಾಡುತ್ತಿದ್ದವಳು ದಡಕ್ಕನೆ ಎದ್ದುಬಿಟ್ಟಳು. ಪಾಯಸ ಆಗಷ್ಟೇ ಬಡಿಸಿದ್ದರು. ಅಷ್ಟೂ ನೆಂಟರ ಎದುರು, "ಇನ್ನೊಂದ್ಸಲ ಈ ಮನೆ ಹೊಸಲು ತುಳಿದ್ರೆ ಕೇಳು, ಈ ಮನೆ ನೀರು ಬಾಯಿಗೆ ಹಾಕಿದ್ರೆ ಕೇಳು" ಎಂದು ಕೂಗಿ, ಎಂಜಲು ಕೈಯಲ್ಲೇ ಹೊರಟುಹೋದಳು. ಆಡಿದ ಮಾತಿಗೆ ತಪ್ಪಲಿಲ್ಲ. ನಾಲ್ಕು ವರ್ಷದ ಹಿಂದೆ ಅತ್ತಿಗೆ ಶಿವಗಂಗಮ್ಮ ತೀರಿಕೊಂಡಾಗಲೂ ಆ ಮನೆಯೊಳಗೆ ಕಾಲಿಡಲಿಲ್ಲ.

ಈಗ ಶುರುವಾಯಿತು ನೋಡಿ ಪೀಕಲಾಟ. ಮಗಳು ಕೀರ್ತನಾಳ ಮದುವೆಗೆ ಇನ್ನು ಹನ್ನೊಂದೇ ದಿನ. ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಇದ್ದವನು ಒಬ್ಬನೇ ಸೋದರಮಾವ, ಅವನು ಮುನಿರಾಮಯ್ಯ. ಸಂಧಾನಕ್ಕೆ ಹೋದ ನೆಂಟರಿಗೆಲ್ಲ ಅವನದು ಒಂದೇ ಮಾತು: "ಕರೆಯೋದಾದ್ರೆ ಮನೆಗೆ ಬಂದು ಕರೀಲಿ. ವಾಟ್ಸಾಪಲ್ಲಿ ಕಾರ್ಡ್ ಹಾಕಿದ ತಕ್ಷಣ ಓಡಿಬರೋಕೆ ನಾನೇನು ಹುಡುಗಿ ಆಫೀಸ್ ಫ್ರೆಂಡಾ?" ಇವಳದೂ ಒಂದೇ ಮಾತು: "ಆ ಹೊಸಲು ನಾನು ದಾಟಲ್ಲ."

ಬೀಗರು ಬೇರೆ ಸೋದರಮಾವನ ವಿಷಯ ಬಿಡುತ್ತಿರಲಿಲ್ಲ. ಮೊದಲ ಸಲ ಕೇಳಿದಾಗ ಪಾಪಮ್ಮ, ಅಣ್ಣನಿಗೆ ಮಂಡಿ ಆಪರೇಷನ್ ಆಗಿದೆ ಅಂದಳು. ಎರಡನೇ ಸಲ ಕೇಳಿದಾಗ ಹಿಂದಿನದು ಮರೆತು, ಧರ್ಮಸ್ಥಳಕ್ಕೆ ಹೋಗಿದ್ದಾನೆ ಅಂದಳು. ಮಂಡಿ ಆಪರೇಷನ್ ಆದವರು ಅಷ್ಟು ದೂರ ಹೇಗೆ ಹೋದರು ಎಂದು ಬೀಗಿತ್ತಿ ಕೇಳಿದಾಗ, ಸಿಗ್ನಲ್ ಸಿಗುತ್ತಿಲ್ಲ ಎಂದು ಫೋನ್ ಇಟ್ಟಳು. ಇಟ್ಟ ಮೇಲೆ ಅಡುಗೆಮನೆಯಲ್ಲಿ ಯಾರಿಗೂ ಕಾಣದ ಹಾಗೆ ಅತ್ತಳು. ಯಾರಿಗೂ ಕಾಣಲಿಲ್ಲ ಎಂದು ಅವಳು ತಿಳಿದುಕೊಂಡಿದ್ದಳು, ಆದರೆ ಗಂಡ ಚಿಕ್ಕಣ್ಣ ಬಾಗಿಲ ಹತ್ತಿರ ನಿಂತು ನೋಡಿದ್ದ.

ಮಾರನೇ ದಿನ ಬೆಳಿಗ್ಗೆ ಚಿಕ್ಕಣ್ಣ ಕಾಫಿ ಲೋಟ ಹಿಡಿದು ಮೆಲ್ಲಗೆ ವಿಷಯಕ್ಕೆ ಬಂದ. "ಪಾಪಾ, ನಿಮ್ಮಣ್ಣ ಕೆಳಗಡೆ ಮನೆನ ಬಾಡಿಗೆಗೆ ಕೊಟ್ಟವ್ರಂತೆ ಕಣೇ. ಈಗ ಅದು ಹೋಟ್ಲಾಗದೆ. ಕೆಫೆ ಅಂತಾರಲ್ಲ, ಅದು. ಅವರು ಮೇಲಿನ ಫ್ಲೋರಲ್ಲಿ ಅವ್ರೆ."

"ಆಗ್ಲಿ. ನನಗೇನು?"

"ಹೋಟ್ಲಿಗೆ ಯಾರು ಬೇಕಾದ್ರೂ ಹೋಗ್ಬೋದು. ಕಾಫಿ ಕುಡಿಯೋಕೆ ಹೋದ್ರೆ ಅಣ್ಣನ ಮನೆಗೆ ಹೋದಂಗಾಗುತ್ತಾ? ನಾವು ಹೋಗಿ ಗಿರಾಕಿಗಳ ಥರ ಕೂತ್ಕೊಳೋಣ. ಅವರು ಕೆಳಗೆ ಇಳಿದು ಬಂದ್ರೆ ಕಾರ್ಡು ಕೊಡು. ನೀನು ಹೋಗಿದ್ದು ಹೋಟ್ಲಿಗೆ. ಅವರ ಲೆಕ್ಕದಲ್ಲಿ ನೀನು ಬಂದಿದ್ದು ಮನೆಗೆ. ಇಬ್ರ ಮಾತೂ ನಿಲ್ಲುತ್ತೆ."

ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಇಷ್ಟು ಬುದ್ಧಿ ಓಡಿಸಿದ್ದನ್ನು ಪಾಪಮ್ಮ ನೋಡಿರಲಿಲ್ಲ. ಹೊಗಳಿದರೆ ಮೆರೆದಾಡುತ್ತಾನೆಂದು ಸುಮ್ಮನಿದ್ದು, ಒಳಗೆ ಹೋಗಿ ರೇಷ್ಮೆ ಸೀರೆ ತೆಗೆದಳು. ಕಾಫಿ ಕುಡಿಯೋಕೆ ರೇಷ್ಮೆ ಸೀರೆ ಯಾಕೆ ಎಂದು ಕೇಳುವಷ್ಟು ದಡ್ಡ ಚಿಕ್ಕಣ್ಣನಲ್ಲ.

ಶ್ರೀಗಂಧದ ಕಾವಲಿನಿಂದ ಆಟೋ ಹಿಡಿದು ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಬೆಂದು, ಬಸವೇಶ್ವರನಗರದ ಆ ರಸ್ತೆಗೆ ತಿರುಗಿದಾಗ ಪಾಪಮ್ಮ ಆಟೋದವನಿಗೆ ಬೈದಳು. "ಎಲ್ಲಿಗಪ್ಪಾ ಕರ್ಕೊಂಡು ಬಂದೆ? ಇದಲ್ಲ ರೋಡು."

"ಇದೇ ಕಣಮ್ಮ. ಈಗ ಈ ರೋಡಲ್ಲಿ ಮನೆಗಳು ಎಲ್ಲಿ ಅವೆ? ಪೂರ್ತಿ ಕೆಫೆಗಳೇ" ಎಂದ ಅವನು.

ನಿಜವೇ. ಮುಂಚೆ ರಸ್ತೆಯುದ್ದಕ್ಕೂ ಗೇಟು, ಗೇಟಿನ ಮುಂದೆ ರಂಗೋಲಿ, ಒಳಗಡೆ ಒಂದು ದಾಸವಾಳದ ಗಿಡ ಇರುತ್ತಿತ್ತು. ಈಗ ಗೇಟುಗಳೇ ಇರಲಿಲ್ಲ. ಗೋಡೆಗಳಿಗೆ ಸುಣ್ಣಬಣ್ಣ ಕಾಣದ ಬರೀ ಸಿಮೆಂಟು. ದುಡ್ಡು ಸಾಲದೆ ಕೆಲಸ ಅರ್ಧಕ್ಕೆ ನಿಂತಿದೆಯೇನೋ ಎಂದು ಪಾಪಮ್ಮ ಮರುಗಿದಳು. ಅದೇ ಈಗಿನ ಫ್ಯಾಷನ್ನು ಎಂದು ಚಿಕ್ಕಣ್ಣ ತಿಳಿಸಿಕೊಟ್ಟ. ಒಂದು ನಾಯಿಗೆ ಸ್ವೆಟರ್ ಹಾಕಿ ಕುರ್ಚಿಯ ಮೇಲೆ ಕೂರಿಸಿದ್ದರು. ಅದರ ಯಜಮಾನ ಕುರ್ಚಿ ಸಿಗದೆ ಫುಟ್‌ಪಾತಿನಲ್ಲಿ ನಿಂತಿದ್ದ. ಅಣ್ಣನ ಮನೆ ಗುರುತು ಸಿಕ್ಕಿದ್ದು ಮೇಲಿನ ಬಾಲ್ಕನಿಯಲ್ಲಿ ಒಣಗುತ್ತಿದ್ದ ಚೆಕ್ಸ್ ಲುಂಗಿಯಿಂದ. ಕೆಳಗಿನ ಹೋಟೆಲಿನ ಹೆಸರನ್ನು ಗೋಡೆಯ ಬಣ್ಣದಲ್ಲೇ ಬರೆಸಿದ್ದರಿಂದ ಅದನ್ನು ಓದಲು ಯಾರಿಂದಲೂ ಸಾಧ್ಯವಿರಲಿಲ್ಲ.

ಬಾಗಿಲಲ್ಲಿ ಒಬ್ಬಳು ಹುಡುಗಿ ಪ್ಯಾಡು ಹಿಡಿದು ನಿಂತಿದ್ದಳು. ಹೆಸರು ರಮ್ಯ, ಕೆಫೆ ಅವಳದೇ. ನಗುನಗುತ್ತಾ, "ಎಷ್ಟು ಜನ ಆಂಟಿ? ವೇಟಿಂಗ್ ಅರ್ಧ ಗಂಟೆ ಆಗುತ್ತೆ" ಎಂದು ಹೆಸರು ಬರೆದುಕೊಂಡಳು.

ಪಾಪಮ್ಮನಿಗೆ ಮೈಯೆಲ್ಲ ಉರಿಯಿತು. ಇದೇ ಮನೆಗೆ ಬಾ ಬಾ ಎಂದು ಹತ್ತೊಂಬತ್ತು ವರ್ಷ ನೆಂಟರು ಕಾಲು ಹಿಡಿದರೂ ಬಾರದವಳು ಅವಳು. ಈಗ ಬರುತ್ತೇನೆ ಅಂದರೆ ಒಳಗೆ ಜಾಗವಿಲ್ಲ!

"ರೀ, ನಮ್ಮಣ್ಣನ ಮನೆಗೆ ನಾನು ಕ್ಯೂ ನಿಲ್ಬೇಕಾ?"

"ಅಣ್ಣನ ಮನೆ ಅಲ್ಲ ಕಣೇ, ಹೋಟ್ಲು. ಜ್ಞಾಪಕ ಇಟ್ಕೊ."

ಮೊಣಕಾಲಿನ ಹತ್ತಿರ ಹರಿದ ಪ್ಯಾಂಟು ಹಾಕಿದ್ದ ಒಬ್ಬ ಹುಡುಗನ ಪಕ್ಕದಲ್ಲಿ ಅವಳು ಸ್ಟೂಲಿನ ಮೇಲೆ ಕೂತಳು. ಮಡಿಲಲ್ಲಿದ್ದ ಚೀಲದಲ್ಲಿ ಲಗ್ನಪತ್ರಿಕೆ, ಕುಂಕುಮದ ಬಟ್ಟಲು, ವೀಳ್ಯದೆಲೆ ಅಡಿಕೆ. ನಲವತ್ತು ನಿಮಿಷದ ಮೇಲೆ ರಮ್ಯ ರಸ್ತೆಗೆಲ್ಲ ಕೇಳುವ ಹಾಗೆ, "ಪಾಪಮ್ಮ, ಟೇಬಲ್ ಫಾರ್ ಟೂ!" ಎಂದು ಕೂಗಿದಳು.

ಪಾಪಮ್ಮ ಬಾಗಿಲಲ್ಲಿ ನಿಂತು ನೆಲ ನೋಡಿದಳು. ಹೊಸ್ತಿಲು ಇರಲಿಲ್ಲ. ಅದನ್ನು ಕಿತ್ತು ನುಣ್ಣಗೆ ಸಿಮೆಂಟು ಬಳಿದು, ಗಾಜಿನ ಬಾಗಿಲು ಕೂರಿಸಿದ್ದರು. ಇಲ್ಲದ ಹೊಸ್ತಿಲನ್ನು ತುಳಿಯುವ ಪ್ರಶ್ನೆಯೇ ಇಲ್ಲವಲ್ಲ. ದೇವರು ಕಣ್ಣು ಬಿಟ್ಟ ಎಂದುಕೊಂಡು ಅವಳು ಬಲಗಾಲಿಟ್ಟು ಒಳಗೆ ಹೋದಳು. ಹೋಟೆಲಿಗೆ ಯಾರೂ ಬಲಗಾಲಿಟ್ಟು ಹೋಗುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಅತ್ತಿಗೆಯ ಅಡುಗೆಮನೆ ಇದ್ದ ಜಾಗದಲ್ಲಿ ಇವರಿಗೆ ಟೇಬಲ್ಲು ಸಿಕ್ಕಿತು. ರಮ್ಯ ಬಂದು, ಒಂದು ಟೇಬಲ್ಲಿಗೆ ಒಂದೂವರೆ ಗಂಟೆ ಮಾತ್ರ, ಹೊರಗಡೆ ಜನ ಕಾಯ್ತಿರ್ತಾರೆ ಎಂದು ತಿಳಿಸಿ, ಪುದೀನ ಸೊಪ್ಪು ತೇಲುತ್ತಿದ್ದ ನೀರಿನ ಜಗ್ಗು ಇಟ್ಟಳು. ಸುಡುಬಿಸಿಲಲ್ಲಿ ಬಂದಿದ್ದ ಪಾಪಮ್ಮ ಲೋಟಕ್ಕೆ ಕೈ ಹಾಕಿದವಳು ತಕ್ಷಣ ಹಿಂದಕ್ಕೆ ತೆಗೆದಳು.

"ಇದು ಯಾವ ನೀರಮ್ಮ?"

"ಫಿಲ್ಟರ್ ನೀರು ಆಂಟಿ."

"ಫಿಲ್ಟರಿಗೆ ಎಲ್ಲಿಂದ ಬರುತ್ತೆ? ಕಾವೇರಿನೋ, ಬೋರೋ?"

"ಬೋರ್ ಆಂಟಿ. ಈ ಬಿಲ್ಡಿಂಗಿಂದೇ. ತುಂಬಾ ಸಿಹಿ ನೀರು."

ಸಿಹಿ ನೀರೆಂದು ಪಾಪಮ್ಮನಿಗೆ ಹೇಳಿಕೊಡಬೇಕೆ? ಆ ಬೋರ್ ಕೊರೆಸಿದ ದಿನ ತೆಂಗಿನಕಾಯಿ ಒಡೆದವಳೇ ಅವಳು. ಲೋಟವನ್ನು ಗಂಡನ ಕಡೆ ತಳ್ಳಿದಳು. "ಬಾಟ್ಲಿ ನೀರು ಕೊಡು."

"ಪ್ಲಾಸ್ಟಿಕ್ ಇಡಲ್ಲ ಆಂಟಿ ನಾವು. ಪರಿಸರಕ್ಕೆ ಒಳ್ಳೇದಲ್ಲ."

"ಹಂಗಾದ್ರೆ ಕಾಫಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಕಾಫಿಗೂ ಅದೇ ನೀರು. ಚಿಕ್ಕಣ್ಣ ಅಷ್ಟರಲ್ಲಿ ಎರಡು ಲೋಟ ಇಳಿಸಿ ತೃಪ್ತಿಯಿಂದ ಮೀಸೆ ಒರೆಸಿಕೊಂಡ. ಅವಳು ದುರುಗುಟ್ಟಿದಾಗ, "ನೋಡು, ಆಣೆ ಇಟ್ಟಿದ್ದು ನೀನು, ನಾನಲ್ಲ" ಎಂದ.

ತಿನ್ನಲು ಏನೋ ಹೇಳಲೇಬೇಕಲ್ಲ. ಚಿಕ್ಕಣ್ಣ ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣು ಬಳಿದದ್ದನ್ನು ತರಿಸಿಕೊಂಡ. ಪಾಪಮ್ಮ ಪಕ್ಕದ ಟೇಬಲ್ಲಿನಲ್ಲಿ ಹಪ್ಪಳದ ಚೂರುಗಳ ಹಾಗೆ ಕಂಡದ್ದನ್ನು ತೋರಿಸಿ, ಅದು ಅಂದಳು. ಅದರ ಮೇಲೆ ಹಸಿರಾಗಿ ದುಂಡಗೆ ಹೆಚ್ಚಿ ಹಾಕಿದ್ದು ಬೆಂಡೆಕಾಯಿಯಿರಬೇಕೆಂದು ನಾಲ್ಕು ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ಅದು ಬೆಂಡೆಕಾಯಿಯಲ್ಲ, ಮೆಣಸಿನಕಾಯಿ. ಕಣ್ಣು, ಮೂಗು, ಕಿವಿಯಲ್ಲೆಲ್ಲ ಹೊಗೆ ಬಂದಂತಾಯಿತು.

"ನೀರು ಕುಡಿಯೇ! ಪ್ರಾಣ ಹೋಗುತ್ತೆ!"

"ಹೋದ್ರೆ ಹೋಗ್ಲಿ" ಎಂದು ಅವಳು ಟೇಬಲ್ಲಿನ ಮೇಲಿದ್ದ ಸಕ್ಕರೆ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಂಡಳು. ಒಂದಲ್ಲ, ಆರು.

ಆಗ ರಮ್ಯ ಒಂದು ಸ್ಟೀಲ್ ಲೋಟ ತಂದಿಟ್ಟಳು. ತುಂಬ ಮಜ್ಜಿಗೆ. "ಇದು ನಮ್ಮದಲ್ಲ ಆಂಟಿ. ಮೇಲಿನ ಓನರ್ ಅಂಕಲ್ ಮಾಡಿ ಕಳಿಸಿದ್ರು. ಕರಿಬೇವು ಹಾಕಿಲ್ಲ, ಅವಳಿಗೆ ಆಗಲ್ಲ ಅಂತ ಹೇಳು ಅಂದ್ರು. ನೀವು ಅವರಿಗೆ ಗೊತ್ತಾ?"

"ನಾನು ಇಲ್ಲಿರೋದು ಅವನಿಗೆ ಹೆಂಗೆ ಗೊತ್ತು?"

ರಮ್ಯ ಮೂಲೆಯಲ್ಲಿದ್ದ ಸಿಸಿಟಿವಿ ಕ್ಯಾಮೆರಾ ತೋರಿಸಿದಳು. "ಅಂಕಲ್ ಫೋನಲ್ಲಿ ಕಾಣುತ್ತೆ. ಬೆಳಗ್ಗೆಯಿಂದ ಸಂಜೆ ತನಕ ಅದನ್ನೇ ನೋಡ್ತಾ ಕೂತಿರ್ತಾರೆ. ಚಮಚ ಬಿದ್ರೂ ಫೋನ್ ಮಾಡ್ತಾರೆ."

ಕರಿಬೇವು ತಿಂದರೆ ತಂಗಿಗೆ ಗಂಟಲು ಕೆರೆಯುತ್ತದೆ ಎಂಬುದನ್ನು ಅವನು ಮರೆತಿರಲಿಲ್ಲ. ಪಾಪಮ್ಮ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆದರೆ ಮಜ್ಜಿಗೆಗೂ ನೀರು ಬೆರೆಸಿರುತ್ತಾರಲ್ಲ. ಅವಳು ಕ್ಯಾಮೆರಾಗೆ ಮುಖ ಕೊಟ್ಟು, ಲೋಟವನ್ನು ಎತ್ತಿ ತೋರಿಸಿ, ಅದನ್ನು ಗಂಡನ ಮುಂದೆ ಇಟ್ಟಳು. "ಗಿರಾಕಿಗಳಿಗೆ ಯಾರೂ ಬಿಟ್ಟಿ ಮಜ್ಜಿಗೆ ಕೊಡಬೇಕಾಗಿಲ್ಲ ಅಂತ ಹೇಳಮ್ಮ. ಮಾತಾಡೋದಿದ್ರೆ ಇಳಿದು ಬಾ ಅನ್ನು."

ಪಾಪ, ರಮ್ಯ ಮೆಟ್ಟಿಲು ಹತ್ತಿಹೋಗಿ ಬಂದಳು. "ಬಂದಿರೋದು ಮನೆಗಾದ್ರೆ ಮೇಲೆ ಬರ್ಲಿ, ಬಾಗಿಲು ತೆಗೆದೇ ಇದೆ ಅಂದ್ರು."

"ಮೇಲಿನ ಬಾಗಿಲಿಗೆ ಹೊಸಲಿದೆಯಾ?"

"ಇದೆ ಆಂಟಿ. ಅರಿಶಿನ ಕುಂಕುಮ ಹಚ್ಚಿದಾರೆ."

"ಹಂಗಾದ್ರೆ ಆಗಲ್ಲ ಅಂತ ಹೇಳು."

ರಮ್ಯ ಮತ್ತೆ ಹೋದಳು, ಮತ್ತೆ ಬಂದಳು. ತಾನು ಇಳಿದು ಬಂದರೆ ತಂಗಿ ಹೋಟೆಲಿಗೆ ಕರೆಸಿ ಕಾರ್ಡು ಕೊಟ್ಟಳೆಂದು ನೆಂಟರು ಆಡಿಕೊಳ್ಳುತ್ತಾರಂತೆ. ಮೆಟ್ಟಿಲ ಮಧ್ಯದವರೆಗೆ ಬಂದರೆ ಹೇಗೆ ಎಂದು ಚಿಕ್ಕಣ್ಣ ಒಂದು ಸೂಚನೆ ಕಳಿಸಿದ. ಎಷ್ಟನೇ ಮೆಟ್ಟಿಲು ಎಂದು ಮೇಲಿನಿಂದ ಪ್ರಶ್ನೆ ಬಂತು. ಒಟ್ಟು ಹದಿನೇಳು ಮೆಟ್ಟಿಲು, ಸರಿಯಾಗಿ ಮಧ್ಯ ಯಾವುದೆಂದು ಇವಳು ಎಣಿಸಿ ಒಂಬತ್ತನೆಯದು ಅಂದಳು. ಮೇಲಿನಿಂದ ಎಣಿಸಿದರೂ ಒಂಬತ್ತೇ ಬಂತು, ಆದರೆ ಮೊದಲು ಯಾರು ಹೊರಡಬೇಕು ಎನ್ನುವುದರಲ್ಲಿ ಮಾತು ಮುರಿದುಬಿತ್ತು. ಅಷ್ಟು ಹೊತ್ತಿಗೆ ರಮ್ಯ ಏದುಸಿರು ಬಿಡುತ್ತಾ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು.

"ಆಂಟಿ, ನಾನು ಎಂಬಿಎ ಮಾಡಿದೀನಿ. ಇಂಥ ನೆಗೋಷಿಯೇಷನ್ ನಮಗೆ ಹೇಳೇ ಕೊಟ್ಟಿಲ್ಲ. ಇನ್ನು ಹತ್ತು ನಿಮಿಷಕ್ಕೆ ನಿಮ್ಮ ಟೇಬಲ್ ಟೈಮು ಮುಗಿಯುತ್ತೆ. ಬೇಜಾರ್ ಮಾಡ್ಕೊಬೇಡಿ" ಎಂದು ಎದ್ದು ಬೇರೆ ಗಿರಾಕಿಗಳ ಕಡೆ ಹೋದಳು.

ಪಾಪಮ್ಮ ಚೀಲದ ಬಾಯಿ ಗಂಟು ಹಾಕಿದಳು. "ಬಿಡಿ. ಸೋದರಮಾವ ಇಲ್ದೇನೇ ಮದುವೆ ನಡೀಲಿ. ಹುಡುಗಿನ ನಾನೇ ಕೈ ಹಿಡ್ಕೊಂಡು ಮಂಟಪಕ್ಕೆ ಕರ್ಕೊಂಡು ಹೋಗ್ತೀನಿ. ಆಡಿಕೊಳ್ಳೋರು ಆಡಿಕೊಳ್ಳಲಿ." ಅವಳು ಗಂಡನ ಕಡೆ ತಿರುಗಿದಳು. "ನಿಮ್ಮ ಮರ್ಯಾದೆಗೋಸ್ಕರ ನಾನು ತವರು ಬಿಟ್ಟೆ ಕಣ್ರೀ. ಎತ್ತಿ ಆಡಿಸಿದ ಅಣ್ಣನ್ನ ಬಿಟ್ಟೆ, ತಾಯಿ ಥರ ನೋಡ್ಕೊಂಡ ಅತ್ತಿಗೆನ ಬಿಟ್ಟೆ. ನನ್ನ ಗಂಡನ್ನ ಎರಡನೇ ಪಂಕ್ತಿಗೆ ಕೂರಿಸಿದ್ನಲ್ಲ, ಅದನ್ನ ನಾನು ಹೆಂಗೆ ಸಹಿಸ್ಲಿ?"

ಚಿಕ್ಕಣ್ಣ ಕೈಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟ.

"ಪಾಪಾ, ಒಂದು ಮಾತು ಹೇಳ್ತೀನಿ. ಇಲ್ಲಿ ಜನ ಇದಾರೆ, ಕೂಗಾಡ್ಬೇಡ."

"ಏನು?"

"ಆವತ್ತು ನನ್ನ ಮೊದಲನೇ ಪಂಕ್ತಿಗೆ ಕರೆದಿದ್ರು."

"ಯಾರು?"

"ನಿಮ್ಮಣ್ಣನೇ. ಮೂರು ಸಲ ಬಂದು ಕರೆದ್ರು. ನಾನು ಹಿತ್ಲಲ್ಲಿ ಇಸ್ಪೀಟಾಡ್ತಾ ಕೂತಿದ್ದೆ. ಕೈಗೆ ಒಳ್ಳೇ ಕಾರ್ಡು ಬಂದಿತ್ತು. ಇದೊಂದು ಆಟ ಮುಗಿಸ್ಕೊಂಡು ಬರ್ತೀನಿ ಭಾವ, ನೀವು ಶುರು ಮಾಡ್ಸಿ ಅಂದೆ."

ಪಾಪಮ್ಮ ಕಣ್ಣು ಮಿಟುಕಿಸಲಿಲ್ಲ. "ಗೆದ್ರಾ?"

"ಇಲ್ಲ."

"ಹತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕಿದ್ರಾ?"

"ಹೇಳೋಣ ಅಂತಲೇ ಓಡಿಬಂದೆ ಕಣೇ. ಬರೋಷ್ಟ್ರಲ್ಲಿ ನೀನು ಅಷ್ಟು ಜನರ ಮುಂದೆ ನನಗೋಸ್ಕರ ಗುಡುಗ್ತಾ ಇದ್ದೆ. ನಮ್ಮವ್ವನೂ ಯಾವತ್ತೂ ನನ್ನ ಪರವಾಗಿ ಹಂಗೆ ಮಾತಾಡಿರ್ಲಿಲ್ಲ. ನನಗೂ ಒಂದು ಮರ್ಯಾದೆ ಇದೆ ಅಂತ ಗೊತ್ತಾಗಿದ್ದೇ ಆವತ್ತು. ಇವತ್ತೊಂದಿನ ಹಿಂಗೇ ಇರ್ಲಿ, ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ದಿನಾ ನಾಳೆ, ನಾಳೆ ಅಂತಲೇ ಆಗೋಯ್ತು."

ಅವನ ಕಣ್ಣು ತುಂಬಿತ್ತು. ಪಾಪಮ್ಮನಿಗೆ ಅವನನ್ನು ತಬ್ಬಿಕೊಳ್ಳಬೇಕೋ, ಜಗ್ಗಿನ ನೀರನ್ನು ತಲೆ ಮೇಲೆ ಸುರಿಯಬೇಕೋ ತಿಳಿಯಲಿಲ್ಲ. ಎರಡೂ ಮಾಡದೆ ಚೀಲ ಎಳೆದುಕೊಂಡು ಎದ್ದಳು. ರಮ್ಯ ಓಡಿಬಂದು, "ಆಂಟಿ, ಬಿಲ್ಲು?" ಎಂದಳು.

"ಆ ಯಜಮಾನ್ರು ಕೊಡ್ತಾರೆ. ಕೊಡದಿದ್ರೆ ಪಾತ್ರೆ ತೊಳೆಸ್ಕೊ!"

ದಡದಡನೆ ಮೆಟ್ಟಿಲು ಹತ್ತಿದಳು. ಒಂಬತ್ತನೆಯದು ಯಾವಾಗ ದಾಟಿತೋ ಗಮನಿಸಲಿಲ್ಲ. ಬಾಗಿಲು ದೂಡಿಕೊಂಡು ಹೋಗಿ ಹಾಲಿನ ನಡುಮಧ್ಯೆ ನಿಂತ ಮೇಲೆಯೇ ತಾನು ಒಳಗಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು. ಕುರ್ಚಿಯಲ್ಲಿ ಮುನಿರಾಮಯ್ಯ ಫೋನನ್ನು ಮೂಗಿಗೆ ಹತ್ತಿರ ಹಿಡಿದು, ತಂಗಿ ಇದ್ದಕ್ಕಿದ್ದಂತೆ ಎಲ್ಲಿ ಮಾಯವಾದಳೆಂದು ಹುಡುಕುತ್ತಿದ್ದ. ತಲೆಯೆತ್ತಿ ನೋಡಿದವನು ಎದ್ದು ನಿಂತ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು.

ಹತ್ತೊಂಬತ್ತು ವರ್ಷಕ್ಕೆ ಆಡುವ ಮೊದಲ ಮಾತು ಚೆನ್ನಾಗಿರಲಿ ಎಂದೇನೂ ಅವಳು ಯೋಚಿಸಲಿಲ್ಲ. "ಅವರಂತೂ ಹಂಗೆ. ನಿನಗೇನಾಗಿತ್ತು ದಾಡಿ? ನೀನಾದ್ರೂ ಬಾಯಿ ಬಿಡೋಕಾಗ್ಲಿಲ್ವಾ?"

ಮುನಿರಾಮಯ್ಯನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಭಾವ ಹೇಳಿದ್ರಾ?" ಎಂದ. "ಹೆಂಗೆ ಬಾಯಿ ಬಿಡ್ಲಿ? ಮನೆ ಅಳಿಯ ಇಸ್ಪೀಟು ಬಿಟ್ಟು ಊಟಕ್ಕೆ ಬರ್ಲಿಲ್ಲ ಅಂತ ಅಷ್ಟು ಜನರ ಮುಂದೆ ನಾನು ಹೇಳ್ಲಾ? ಅವರ ಮರ್ಯಾದೆ ಹೋದ್ರೆ ನಿನ್ನದಲ್ವಾ ಹೋಗೋದು?"

"ಆಮೇಲೆ ಹೇಳಿದ್ರಾಗಿತ್ತು."

"ಆಮೇಲೆ ನೀನು ಬಂದ್ಯಾ?"

ಗೋಡೆಯ ಮೇಲೆ ಅತ್ತಿಗೆಯ ಫೋಟೋ ಇತ್ತು. ಪಾಪಮ್ಮನ ಜಗಳವೆಲ್ಲ ಅಲ್ಲಿಗೆ ಇಳಿದುಹೋಯಿತು. "ಅತ್ತಿಗೆ ಹೋದಾಗ ನಾನು..." ಎಂದು ಶುರುಮಾಡಿದಳು.

"ಗೊತ್ತು. ಎದುರುಗಡೆ ರೋಡಲ್ಲಿ ಹೊಂಗೆ ಮರದ ಕೆಳಗೆ ನೀನು ನಿಂತಿದ್ದೆ. ಬೆಳಗ್ಗೆಯಿಂದ ಎತ್ತೋ ತನಕ ನಿಂತಿದ್ದೆ. ನಾನು ನೋಡ್ದೆ ಕಣವ್ವ."

"ನೋಡಿ ಕರೀಲಿಲ್ವಲ್ಲ ನೀನು."

"ಕರೆದ್ರೆ ನೀನು ಬಂದುಬಿಡ್ತಿದ್ದೆ. ಆಡಿದ ಮಾತು ಮುರಿದೆ ಅಂತ ಆಮೇಲೆ ಕೊರಗ್ತಿದ್ದೆ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?"

ಇಬ್ಬರೂ ಅತ್ತರು. ಮುನಿರಾಮಯ್ಯ ಲುಂಗಿಯ ತುದಿಯಲ್ಲಿ ಮುಖ ಒರೆಸಿಕೊಂಡ, ಪಾಪಮ್ಮ ರೇಷ್ಮೆ ಸೀರೆ ಎಂಬುದನ್ನೂ ಮರೆತು ಸೆರಗಿನಲ್ಲಿ ಮೂಗು ಸೀಟಿದಳು. ಆಮೇಲೆ ಶಾಸ್ತ್ರ ಶಾಸ್ತ್ರವೇ ಎಂದು ಅಣ್ಣನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ವೀಳ್ಯದ ಜೊತೆ ಲಗ್ನಪತ್ರಿಕೆ ಕೈಗಿಟ್ಟು, "ಮಗಳ ಮದುವೆ. ಬಂದು ನಡೆಸಿಕೊಡ್ಬೇಕು" ಎಂದಳು.

ಅವನು ಕಾರ್ಡನ್ನು ಕಣ್ಣಿಗೊತ್ತಿಕೊಂಡು ರೂಮಿಗೆ ಹೋದ. ಬೀರು ತೆಗೆದ ಸದ್ದಾಯಿತು. ಬಂದಾಗ ಕೈಯಲ್ಲಿ ಒಂದು ಸೀರೆ ಇತ್ತು, ಅರಿಶಿನ ಬಣ್ಣಕ್ಕೆ ಕೆಂಪು ಅಂಚಿನದು. "ಹುಡುಗಿಗೆ. ಸೋದರಮಾವನ ಸೀರೆ. ಬಣ್ಣ ಒಪ್ಪುತ್ತೋ ಇಲ್ವೋ, ಕೆಳಗಿನ ರಮ್ಯನ್ನ ಕರ್ಕೊಂಡು ಹೋಗಿ ಆರಿಸಿದ್ದು."

"ಯಾವಾಗ ತಂದೆ?"

"ನಿಶ್ಚಿತಾರ್ಥ ಆಯ್ತು ಅಂತ ಕಿವಿಗೆ ಬಿದ್ದ ವಾರವೇ."

"ಮೂರು ತಿಂಗಳಾಯ್ತಲ್ಲೋ ಅಣ್ಣ! ನಾನು ಕರೆಯೋಕೆ ಬರ್ದೇ ಇದ್ದಿದ್ರೆ ಏನು ಮಾಡ್ತಿದ್ದೆ?"

ಮುನಿರಾಮಯ್ಯ ಸೀರೆಯ ಮಡಿಕೆ ಸರಿಮಾಡುತ್ತಾ ಹೇಳಿದ: "ಇನ್ನೇನು ಮಾಡೋದು, ಚೌಟ್ರಿ ಎದುರುಗಡೆ ರೋಡಲ್ಲಿ ನಿಂತ್ಕೊಳೋಣ ಅಂತಿದ್ದೆ. ಅಲ್ಲೂ ಒಂದು ಮರ ಇದೆ. ಹೋದ ವಾರ ಹೋಗಿ ನೋಡ್ಕೊಂಡು ಬಂದೆ."